ಅಂಗೈಗೆ ತಕ್ಕ ಸ್ಯಾಂಡರ್: ಮರಗೆಲಸಕ್ಕಿಳಿದ ಚಿಕ್ಕ ಕೈಗಳಿಗೆ ಯಾವ ಯಂತ್ರ ಹಿತ?

ಮುಂಬಯಿ: ಊರಿನಿಂದ ಬರುವಾಗ ಬಸ್ಸಿನ ಡಿಕ್ಕಿಯಲ್ಲಿ ಹಾಕಿಕೊಂಡು ಬಂದ ಹಲಸಿನ ಮರದ ಮಣೆ, ಅಜ್ಜಿಯ ಕಾಲದ ತೊಟ್ಟಿಲು, ಬೀಟೆಯ ಪೆಟ್ಟಿಗೆ, ದೇವರ ಮಂಟಪ – ಇವುಗಳಲ್ಲಿ ಒಂದಾದರೂ ಇಲ್ಲದ ಕನ್ನಡಿಗರ ಮನೆ ಈ ಮಹಾನಗರದಲ್ಲಿ ಅಪರೂಪ. ವರ್ಷಗಳು ಕಳೆದಂತೆ ಅವುಗಳ ಮೇಲಿನ ಪಾಲಿಶ್ ಕಪ್ಪುಗಟ್ಟುತ್ತದೆ, ಉಪನಗರದ ಮಳೆಗಾಲದ ತೇವಕ್ಕೆ ಮೇಲ್ಮೈ ಒರಟಾಗುತ್ತದೆ. ಹಿಂದೆಲ್ಲ ಅದನ್ನು ಪಾಲಿಶ್‌ವಾಲಾನ ಕೈಗೆ ಒಪ್ಪಿಸಿಬಿಡುವುದಿತ್ತು. ಈಗ ಹಾಗಲ್ಲ. ಮಕ್ಕಳ ಓದು ಮುಗಿದು ಬಿಡುವು ಸಿಕ್ಕಿದ ಗೃಹಿಣಿಯರು, ನಿವೃತ್ತರಾದ ಬ್ಯಾಂಕ್ ನೌಕರರು, ಮರದ ಆಟಿಕೆ ಮತ್ತು ಅಲಂಕಾರದ ಸಾಮಾನು ಮಾಡಿ ಮಾರುವ ಯುವತಿಯರು ತಾವೇ ಹತ್ಯಾರು ಹಿಡಿಯತೊಡಗಿದ್ದಾರೆ. ಹೀಗೆ ಹೊರಟವರು ಮೊದಲು ಕೊಳ್ಳುವ ವಿದ್ಯುತ್ ಯಂತ್ರಗಳಲ್ಲಿ ಡ್ರಿಲ್ ಬಿಟ್ಟರೆ ಸ್ಯಾಂಡರ್ ಒಂದು. ಮರದ ಮೈಯನ್ನು ಉಜ್ಜಿ ನುಣುಪು ಮಾಡುವ ಈ ಯಂತ್ರವೇ ಅನೇಕರ ಕೈಯನ್ನು ಮೊದಲು ನೋಯಿಸುವ ಯಂತ್ರವೂ ಹೌದು.

ಕಾರಣ ಸರಳ. ಡ್ರಿಲ್ಲನ್ನು ಒಂದು ತೂತಿಗೆ ಹತ್ತು ಸೆಕೆಂಡು ಹಿಡಿದರೆ ಸಾಕು. ಸ್ಯಾಂಡರನ್ನು ಅರ್ಧ ಗಂಟೆ, ಒಂದು ಗಂಟೆ ಬಿಡದೆ ಹಿಡಿಯಬೇಕು. ಅದು ಹಿಡಿದಷ್ಟು ಹೊತ್ತೂ ನಡುಗುತ್ತಿರುತ್ತದೆ. ಅಂಗೈಗೆ ದೊಡ್ಡದಾದ ಯಂತ್ರವನ್ನು ಅಷ್ಟು ಹೊತ್ತು ಅದುಮಿ ಹಿಡಿದರೆ ಸಂಜೆಗೆ ಬೆರಳು ಜೋಮು ಹಿಡಿಯುತ್ತದೆ, ಚಪಾತಿ ಲಟ್ಟಿಸಲೂ ಮಣಿಕಟ್ಟು ಕೇಳುವುದಿಲ್ಲ. ಅದೇ ಕೈಯಿಂದ ಟೈಲರಿಂಗ್ ಮಾಡುವವರಿಗೆ, ಕಂಪ್ಯೂಟರಿನಲ್ಲಿ ದುಡಿಯುವವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆಯೇ ಆಗಿಬಿಡುತ್ತದೆ.

ಕೈಯ ಅಳತೆಯೂ ಯಂತ್ರದ ಅಳತೆಯೂ

ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿಯವರೆಗೆ ಅಳೆದರೆ ಮಹಿಳೆಯರ ಕೈ ಪುರುಷರದಕ್ಕಿಂತ ಸರಾಸರಿ ಒಂದೂವರೆಯಿಂದ ಎರಡು ಸೆಂಟಿಮೀಟರ್ ಚಿಕ್ಕದು. ಕೇಳಲು ಸಣ್ಣ ವ್ಯತ್ಯಾಸ. ಆದರೆ ಹಿಡಿತದ ಬಲ ಸರಾಸರಿಯಲ್ಲಿ ಪುರುಷರ ಸುಮಾರು ಶೇ. 60ರಷ್ಟು ಮಾತ್ರ ಎನ್ನುವುದನ್ನು ಇದಕ್ಕೆ ಕೂಡಿಸಿ ನೋಡಬೇಕು. ಚಿಕ್ಕ ಕೈ ಎಂದರೆ ಮಹಿಳೆಯರ ಕೈ ಮಾತ್ರವೂ ಅಲ್ಲ. ಸಣಕಲು ಮೈಕಟ್ಟಿನ ಗಂಡಸರು, ಸಂಧಿವಾತದಿಂದ ಬೆರಳು ಪೂರ್ತಿ ಬಿಚ್ಚಲಾಗದ ಹಿರಿಯರು, ಎಲ್ಲರಿಗೂ ಇದೇ ತೊಂದರೆ.

ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ 2004ರಲ್ಲಿ ಪ್ರಕಟಿಸಿದ ಕೈಹತ್ಯಾರುಗಳ ಕೈಪಿಡಿಯಲ್ಲಿ, ಬಲ ಹಾಕಿ ಹಿಡಿಯುವ ಹಿಡಿಕೆಯ ವ್ಯಾಸ ಒಂದೂಕಾಲರಿಂದ ಎರಡು ಇಂಚಿನೊಳಗೆ, ಅಂದರೆ ಸುಮಾರು 32ರಿಂದ 51 ಮಿ.ಮೀ. ಇರಬೇಕೆಂದು ಹೇಳಿದೆ. ಸುತ್ತಿಗೆ, ಉಳಿ ಮುಂತಾದವಕ್ಕೆ ಹೇಳಿದ ಮಾತು ಅದು. ಅಂಗೈಯಲ್ಲಿ ಹಿಡಿಯುವ ಸ್ಯಾಂಡರಿನ ತಲೆಭಾಗವೋ ಎಂಟು ಸೆಂಟಿಮೀಟರಿನ ಆಸುಪಾಸಿನಲ್ಲಿರುತ್ತದೆ. ಒಳಗೆ ಮೋಟಾರು ಕೂರಬೇಕಲ್ಲ! ಆದುದರಿಂದ ಸ್ಯಾಂಡರನ್ನು ಸುತ್ತಿಗೆಯಂತೆ ಮುಷ್ಟಿಯಲ್ಲಿ ಹಿಡಿಯಲಾಗದು, ಚೆಂಡಿನಂತೆ ಮೇಲಿನಿಂದ ಕವುಚಿ ಹಿಡಿಯಬೇಕು. ದೊಡ್ಡ ಕೈಗೆ ಇದು ಹಿತ. ಚಿಕ್ಕ ಕೈಯಾದರೆ ಅಂಗೈ ಚಪ್ಪಟೆಯಾಗಿ ಬಿಚ್ಚಿಕೊಂಡು, ಬೆರಳ ತುದಿಗಳು ಮಾತ್ರ ಯಂತ್ರವನ್ನು ಚಿವುಟಿ ಹಿಡಿದಂತಾಗುತ್ತದೆ. ನೋವು ಹುಟ್ಟುವುದು ಅಲ್ಲೇ.

ಅಂಗಡಿಯಲ್ಲಿ ಪರೀಕ್ಷಿಸುವ ವಿಧಾನ ಸುಲಭ. ಯಂತ್ರವನ್ನು ಮೇಜಿನ ಮೇಲಿಟ್ಟು ಅಂಗೈಯನ್ನು ಅದರ ತಲೆಯ ಮೇಲೆ ಇಡಬೇಕು. ಹೆಬ್ಬೆರಳೂ ಕಿರುಬೆರಳೂ ಎರಡು ಬದಿಗಳಲ್ಲಿ ಇಳಿದು, ಯಂತ್ರದ ಅತಿ ಅಗಲವಾದ ಜಾಗವನ್ನು ದಾಟಿ, ಅದರ ಕೆಳಗಿನ ಸೊಂಟದಲ್ಲಿ ಮಡಿಸಿಕೊಳ್ಳಬೇಕು. ಹಾಗೆ ಮಡಿಸಿಕೊಂಡರೆ ಆ ಯಂತ್ರ ಕೈಗೆ ಸರಿ. ಬೆರಳು ಅಗಲವಾದ ಜಾಗಕ್ಕೆ ಮೊದಲೇ ನಿಂತುಬಿಟ್ಟರೆ ಎಷ್ಟೇ ರಿಯಾಯಿತಿ ಕೊಟ್ಟರೂ ಅದನ್ನು ಬಿಟ್ಟುಬಿಡುವುದು ಲೇಸು.

ಪೆಟ್ಟಿಗೆಯ ಮೇಲಿನ ತೂಕ ನೋಡಿ ಮೋಸ ಹೋಗುವವರಿದ್ದಾರೆ. ಒಂದೇ ತೂಕದ ಎರಡು ಯಂತ್ರಗಳಲ್ಲಿ ಎತ್ತರವಾದದ್ದು ಕೈಯಲ್ಲಿ ಹೆಚ್ಚು ಓಲಾಡುತ್ತದೆ. ಮರದಿಂದ ಅಂಗೈ ಎಷ್ಟು ಮೇಲಿರುತ್ತದೋ ಅಷ್ಟೂ ಮಣಿಕಟ್ಟು ಅದನ್ನು ನೆಟ್ಟಗೆ ನಿಲ್ಲಿಸಲು ದುಡಿಯಬೇಕು. ಕುಳ್ಳಗಿನ ಯಂತ್ರ ಚಿಕ್ಕ ಕೈಗೆ ವರ. ಯುರೋಪಿನ ಕೆಲವು ಕಂಪೆನಿಗಳು ಬ್ರಶ್ ಇಲ್ಲದ ಚಪ್ಪಟೆ ಮೋಟಾರು ಬಳಸಿ ಇಂಥವನ್ನು ತಯಾರಿಸುತ್ತವೆ. ಫಿನ್ಲೆಂಡಿನ ಮಿರ್ಕಾ ಕಂಪೆನಿಯ ಡೆರೋಸ್ ಸುಮಾರು ಒಂದು ಕಿಲೋ ತೂಗುತ್ತದೆ. ಆದರೆ ಅವುಗಳ ಬೆಲೆ ಸಾಮಾನ್ಯ ಸ್ಯಾಂಡರಿನ ಹಲವು ಪಟ್ಟು. ದಿನವಿಡೀ ಇದೇ ಕೆಲಸದಲ್ಲಿ ಇರುವವರಿಗಲ್ಲದೆ ಮನೆಬಳಕೆಗೆ ಅಷ್ಟು ಸುರಿಯುವ ಅಗತ್ಯ ಕಾಣುವುದಿಲ್ಲ.

ಯಾವುದು ಬೇಕು, ಯಾವುದು ಬೇಡ

ಮೊದಲು ಬೇಡದ್ದನ್ನು ಹೇಳಿಬಿಡುವುದು ಒಳ್ಳೆಯದು. ನಮ್ಮ ದೇಶದ ಅನೇಕ ಕಾರ್ಖಾನೆಗಳಲ್ಲಿ ಮರ ಉಜ್ಜಲು ನಾಲ್ಕಿಂಚಿನ ಆ್ಯಂಗಲ್ ಗ್ರೈಂಡರಿಗೆ ಸ್ಯಾಂಡಿಂಗ್ ಚಕ್ರ ಸಿಕ್ಕಿಸಿ ಓಡಿಸುವ ರೂಢಿಯಿದೆ. ಅಗ್ಗ, ವೇಗ, ಎಲ್ಲ ನಿಜ. ನಿಮಿಷಕ್ಕೆ 11,000 ಸುತ್ತಿನ ಆಸುಪಾಸಿನಲ್ಲಿ ತಿರುಗುವ ಅದು ಕಬ್ಬಿಣಕ್ಕೆಂದು ಮಾಡಿದ ಯಂತ್ರ. ಕೈ ಜಾರಿದರೆ ಮರದಲ್ಲಿ ಗುಳಿ, ಇಲ್ಲವೇ ತೊಡೆಯಲ್ಲಿ ಗಾಯ. ಹಿಡಿತದ ಬಲ ಕಡಿಮೆ ಇರುವವರು ಅದರ ಗೊಡವೆಗೆ ಹೋಗದಿರುವುದೇ ಕ್ಷೇಮ.

ಬೆಲ್ಟ್ ಸ್ಯಾಂಡರ್ ಇನ್ನೊಂದು. ಟ್ರ್ಯಾಕ್ಟರಿನ ಪಟ್ಟಿಯಂತೆ ಉಪ್ಪು ಕಾಗದದ ಪಟ್ಟಿ ಸುತ್ತುವ ಈ ಯಂತ್ರ ಬಾಗಿಲು, ದೊಡ್ಡ ಹಲಗೆಗಳಿಗೆ ಸರಿ. ನಾಲ್ಕಿಂಚು ಪಟ್ಟಿಯ ಮಕೀಟಾ 9403 ಮಾದರಿ 5.7 ಕಿಲೋ ಇದೆ. ಮೂರಿಂಚಿನ ಸಣ್ಣ ಮಾದರಿಗಳೂ ಎರಡೂವರೆ ಕಿಲೋ ದಾಟುತ್ತವೆ. ತೂಕಕ್ಕಿಂತ ಹೆಚ್ಚಿನ ತೊಂದರೆ ಎಂದರೆ ಅದು ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ. ಮೇಲೆ ಕೂದಲೆಳೆಯಷ್ಟು ತೆಳು ವಿನೀರ್ ಅಂಟಿಸಿದ ಪ್ಲೈವುಡ್ ಮೇಲೆ ಇದನ್ನು ಇಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಪದರವೇ ಮಾಯ!

ಉಳಿದವು ಮೂರು. ಚಿಕ್ಕ ಕೈಯವರು ಆರಿಸಬೇಕಾದದ್ದು ಇವುಗಳಿಂದಲೇ.

ಇಸ್ತ್ರಿಪೆಟ್ಟಿಗೆಯ ಮೂಗಿನಂತೆ ತ್ರಿಕೋನ ತಳವಿರುವ ಡೆಲ್ಟಾ ಅಥವಾ ಡಿಟೇಲ್ ಸ್ಯಾಂಡರ್ ಎಲ್ಲಕ್ಕಿಂತ ಹಗುರ, ಸುಮಾರು ಒಂದು ಕಿಲೋ ಅಥವಾ ಅದಕ್ಕೂ ಕಡಿಮೆ. ಸೊಂಟ ಸಣ್ಣದಾಗಿರುವುದರಿಂದ ಹಿಡಿತ ಸುಲಭ. ತೊಟ್ಟಿಲಿನ ಸಂದು, ಕುರ್ಚಿಯ ಕಾಲಿನ ಮೂಲೆ, ಮಂಟಪದ ಮೆಟ್ಟಿಲುಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಆದರೆ ಊಟದ ಮೇಜಿನಂಥ ಅಗಲ ಮೈಗೆ ಇದನ್ನು ಹಿಡಿದು ಕೂತರೆ ಕೆಲಸ ಮುಗಿಯುವುದೇ ಇಲ್ಲ, ಕೈ ಹೆಚ್ಚು ಹೊತ್ತು ನಡುಗಿ ಹಗುರತನದ ಲಾಭವೆಲ್ಲ ಹೋಗುತ್ತದೆ.

ಚೌಕ ತಳದ ಪಾಮ್ ಸ್ಯಾಂಡರ್ ಎರಡನೆಯದು. 9x11 ಇಂಚಿನ ಒಂದು ಪೂರ್ತಿ ಕಾಗದವನ್ನು ನಾಲ್ಕು ಮಾಡಿದರೆ ಬರುವ ತುಂಡು ಇದಕ್ಕೆ ಸರಿಹೊಂದುತ್ತದೆ. ಹಾಗಾಗಿಯೇ ಕ್ವಾರ್ಟರ್ ಶೀಟ್ ಎಂದು ಹೆಸರು. ಮಕೀಟಾದ ಬಿಒ 4556 ಮಾದರಿ 1.1 ಕಿಲೋ, 200 ವಾಟ್. ಗಲ್ಲಿಯ ಹಾರ್ಡ್‌ವೇರ್ ಅಂಗಡಿಯ ಸಾದಾ ಕಾಗದವನ್ನೇ ಕತ್ತರಿಸಿ ಹಾಕಬಹುದಾದ್ದರಿಂದ ಖರ್ಚು ಕಡಿಮೆ. ಒಂದು ಕೊರತೆಯನ್ನು ಮಾತ್ರ ಅಂಗಡಿಯವರು ಹೇಳುವುದಿಲ್ಲ. ಕಾಗದ ಕಚ್ಚಿ ಹಿಡಿಯುವ ಸ್ಪ್ರಿಂಗ್ ಕ್ಲಿಪ್ಪುಗಳು ಕೆಲವು ಮಾದರಿಗಳಲ್ಲಿ ಬಲು ಬಿಗಿ. ಸಣ್ಣ, ದುರ್ಬಲ ಬೆರಳುಗಳಿಗೆ ಯಂತ್ರ ಓಡಿಸುವುದಕ್ಕಿಂತ ಕಾಗದ ಬದಲಿಸುವುದೇ ಶಿಕ್ಷೆಯಾಗುತ್ತದೆ. ಕೊಳ್ಳುವ ಮೊದಲು ಆ ಕ್ಲಿಪ್ಪನ್ನು ತಾವೇ ಎರಡು ಸಲ ತೆಗೆದು ಹಾಕಿ ನೋಡತಕ್ಕದ್ದು.

ಮೂರನೆಯದು ಐದಿಂಚಿನ, ಅಂದರೆ 125 ಮಿ.ಮೀ. ದುಂಡು ತಳದ ರ‍್ಯಾಂಡಮ್ ಆರ್ಬಿಟ್ ಸ್ಯಾಂಡರ್. ತಳ ತಿರುಗುತ್ತದೆ, ತಿರುಗುತ್ತಲೇ ಪುಟ್ಟ ವೃತ್ತದಲ್ಲಿ ಅಲುಗುತ್ತದೆ. ಇದರಿಂದ ಒಂದೇ ಗೆರೆ ಮತ್ತೆ ಮತ್ತೆ ಬೀಳದೆ ಮೈ ನುಣುಪಾಗುತ್ತದೆ. ಬಾಷ್‌ನ ಜಿಇಎಕ್ಸ್ 125-1 ಎಇ, ಮಕೀಟಾದ ಬಿಒ 5030 ಎರಡೂ ಸುಮಾರು 1.3 ಕಿಲೋ. ಕಾಗದ ವೆಲ್ಕ್ರೋದಂತೆ ಅಂಟಿಕೊಳ್ಳುವುದರಿಂದ ಬದಲಿಸಲು ಬಲ ಬೇಕಿಲ್ಲ. ದುಂಡು ಕಾಗದ ಸಾದಾ ಕಾಗದಕ್ಕಿಂತ ದುಬಾರಿ ಎನ್ನುವುದು ನಿಜ. ಆದರೂ ಒಂದೇ ಯಂತ್ರ ಕೊಳ್ಳುವವರಿಗೆ, ಅಂಗೈ ಪರೀಕ್ಷೆಯಲ್ಲಿ ಪಾಸಾದರೆ, ಇದನ್ನೇ ಹೇಳಬೇಕಾಗುತ್ತದೆ. ಒಂದು ಯಂತ್ರದಲ್ಲಿ ಹೆಚ್ಚಿನೆಲ್ಲ ಕೆಲಸ ಮುಗಿಯುತ್ತದೆ, ಬೇಗ ಮುಗಿಯುತ್ತದೆ. ಕೈ ಅದಕ್ಕೂ ಚಿಕ್ಕದಾದರೆ ಚೌಕದ್ದು. ಆರಿಂಚಿನ ದುಂಡು ತಳದ ಸಾಮಾನ್ಯ ಮಾದರಿಗಳು ಎರಡು ಕಿಲೋ ದಾಟುವುದರಿಂದ ಅವುಗಳ ಕಡೆ ನೋಡುವುದೇ ಬೇಡ.

ಬ್ಯಾಟರಿ ಯಂತ್ರಗಳ ಜಾಹೀರಾತು ಈಗ ಎಲ್ಲೆಡೆ. ವಯರಿನ ಕಾಟವಿಲ್ಲ ಎನ್ನುವುದು ಸರಿ. ಆದರೆ 18 ವೋಲ್ಟಿನ ಸಣ್ಣ ಬ್ಯಾಟರಿಯೂ ಸುಮಾರು ನಾನೂರು ಗ್ರಾಮಿನ ಹತ್ತಿರ, ದೊಡ್ಡದಾದರೆ ಆರುನೂರು. ಅದೂ ಹೆಚ್ಚಾಗಿ ಹಿಂಬದಿಗೆ ಜೋತುಬಿದ್ದಿರುತ್ತದೆ, ಮಣಿಕಟ್ಟು ಅದನ್ನು ಸದಾ ಎತ್ತಿ ಹಿಡಿಯಬೇಕು. ಪ್ಲಗ್ ಪಾಯಿಂಟ್ ಪಕ್ಕದಲ್ಲೇ ಇರುವ ಫ್ಲಾಟಿನಲ್ಲಿ ವಯರಿನ ಯಂತ್ರವೇ ಸಾಕು. ವಯರನ್ನು ಹೆಗಲ ಮೇಲಿಂದ ಹಾಯಿಸಿಕೊಂಡರೆ ಅದು ಮರಕ್ಕೆ ತಾಗದು, ಕೈಯನ್ನೂ ಎಳೆಯದು.

ನಡುಕದ ಲೆಕ್ಕ

ಯಂತ್ರದೊಂದಿಗೆ ಬರುವ ಪುಸ್ತಿಕೆಯನ್ನು ಹೆಚ್ಚಿನವರು ಬಿಚ್ಚಿಯೂ ನೋಡುವುದಿಲ್ಲ. ಅದರಲ್ಲಿ ನಡುಕದ ಪ್ರಮಾಣ ‘ಮೀ/ಸೆ²’ ಎಂಬ ಅಳತೆಯಲ್ಲಿ ಅಚ್ಚಾಗಿರುತ್ತದೆ. ಚಿಕ್ಕ ಕೈಯವರು ವಾಟ್ ಎಷ್ಟೆಂದು ಕೇಳುವುದಕ್ಕಿಂತ ಮೊದಲು ಈ ಅಂಕಿಯನ್ನು ಹುಡುಕಬೇಕು. ಯುರೋಪಿಯನ್ ಒಕ್ಕೂಟ 2002ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಎಂಟು ಗಂಟೆಯ ಕೆಲಸಕ್ಕೆ ಸರಾಸರಿ 2.5 ದಾಟಿದರೆ ಮಾಲಕರು ಎಚ್ಚರಿಕೆಯ ಕ್ರಮ ಕೈಗೊಳ್ಳಬೇಕು, 5 ದಾಟಕೂಡದು. ಇಲ್ಲೊಂದು ಗಣಿತವಿದೆ. ನಡುಕ ಇಮ್ಮಡಿಯಾದರೆ ಕೆಲಸದ ಹೊತ್ತು ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಅಂದರೆ 2.5ರ ಯಂತ್ರವನ್ನು ಎಂಟು ಗಂಟೆ ಹಿಡಿದರೆ ಆಗುವಷ್ಟೇ ಪರಿಣಾಮ 5ರ ಯಂತ್ರವನ್ನು ಎರಡು ಗಂಟೆ, 10ರ ಯಂತ್ರವನ್ನು ಬರೇ ಅರ್ಧ ಗಂಟೆ ಹಿಡಿದಾಗ ಆಗುತ್ತದೆ.

ಗಟ್ಟಿಯಾಗಿ ಹಿಡಿದಷ್ಟೂ ನಡುಕ ಕೈಯೊಳಗೆ ಹೆಚ್ಚು ಇಳಿಯುತ್ತದೆ. ಕೈಗೆ ದೊಡ್ಡದಾದ ಯಂತ್ರವನ್ನು ಗಟ್ಟಿಯಾಗಿ ಹಿಡಿಯದೆ ಗತ್ಯಂತರವಿಲ್ಲ. ಚಿಕ್ಕ ಕೈಯವರಿಗೆ ನಷ್ಟ ಇಮ್ಮಡಿ ಎನ್ನುವುದು ಇದಕ್ಕೇ. ಬಹುಕಾಲ ಮುಂದುವರಿದರೆ ಬೆರಳು ತಣ್ಣಗಾದಾಗ ಬಿಳಿಚಿಕೊಳ್ಳುವುದು, ಸ್ಪರ್ಶ ಮಂಕಾಗುವುದು ಕಾಣಿಸಿಕೊಳ್ಳುತ್ತದೆ. ಮಣಿಕಟ್ಟಿನ ನರ ಒತ್ತಿ ಹಿಡಿಯುವ ಕಾರ್ಪಲ್ ಟನಲ್ ತೊಂದರೆ ಪುರುಷರಿಗಿಂತ ಮಹಿಳೆಯರಲ್ಲೇ ಹೆಚ್ಚು. ರಾತ್ರಿ ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಬಾಮು ಹಚ್ಚಿ ಸುಮ್ಮನಿರದೆ ಡಾಕ್ಟರರಿಗೆ ತೋರಿಸಬೇಕು.

ದಪ್ಪ ಗ್ಲೌಸ್ ಹಾಕಿದರೆ ಸರಿಹೋಗುತ್ತದೆ ಎಂಬ ಸಲಹೆ ಅಂಗಡಿಗಳಲ್ಲಿ ಧಾರಾಳ. ದೊಡ್ಡ ಕೈಗೆ ಸರಿಯಿರಬಹುದು. ಚಿಕ್ಕ ಕೈಗೆ ಅದರಿಂದ ಯಂತ್ರ ಇನ್ನಷ್ಟು ದಪ್ಪವಾಗುತ್ತದೆ, ಹಿಡಿತ ಇನ್ನಷ್ಟು ಸಡಿಲವಾಗುತ್ತದೆ. ಅದರ ಬದಲು ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಯಂತ್ರ ಕೆಳಗಿಟ್ಟು ಕೈ ಕೊಡವಿಕೊಳ್ಳುವುದು, ಎಡಗೈ-ಬಲಗೈ ಬದಲಿಸುವುದು ಹೆಚ್ಚು ಉಪಯುಕ್ತ.

ಇನ್ನು ಸ್ವಿಚ್ಚು. ಹಿಡಿತ ಬಿಡದೆ ತೋರುಬೆರಳಿಗೆ ಅದು ಎಟುಕಬೇಕು. ಆರಿಸಲು ಇನ್ನೊಂದು ಕೈ ತರಬೇಕಾದ ಯಂತ್ರ ಅಪಾಯದ ಹೊತ್ತಿನಲ್ಲಿ ನಿಲ್ಲುವುದಿಲ್ಲ. ವೇಗ ಕಡಿಮೆ ಮಾಡುವ ಗಾಲಿ ಇದ್ದರೆ ಒಳ್ಳೆಯದು. ಹಳೆ ಪಾಲಿಶ್ ತೆಗೆಯುವಾಗ ಪೂರ್ಣ ವೇಗದಲ್ಲಿ ಬಿಸಿಯಾಗಿ ಕರಗಿ ಕಾಗದಕ್ಕೇ ಮೆತ್ತಿಕೊಳ್ಳುವುದುಂಟು.

ಕಾಗದದ ಹೆಸರು ನೂರು, ಕೆಲಸ ಒಂದೇ

ಊರಿನ ಆಚಾರಿಗಳು ಇಂದಿಗೂ ಉಪ್ಪು ಕಾಗದ ಎನ್ನುತ್ತಾರೆ. ಮುಂಬಯಿ, ಪುಣೆಗಳಲ್ಲಿ ಅದೇ ಪಾಲಿಶ್ ಪೇಪರ್, ದಿಲ್ಲಿಯ ಕೀರ್ತಿನಗರದಲ್ಲಿ ರೇಗ್‌ಮಾಲ್, ಚೆನ್ನೈಯಲ್ಲಿ ತಮಿಳಿನ ಉಪ್ಪುತ್ತಾಳ್. ಹೆಸರು ಏನೇ ಇರಲಿ, ಹಿಂಬದಿಯಲ್ಲಿ ಅಚ್ಚಾದ ಅಂಕಿ ಎಲ್ಲ ಕಡೆಯೂ ಒಂದೇ ಕ್ರಮದ್ದು. ಅಂಕಿ ಸಣ್ಣದಾದರೆ ಕಾಗದ ಒರಟು. ಹಳೆ ಪಾಲಿಶ್ ತೆಗೆಯಲು 80, ನಂತರ 120, ಕೊನೆಗೆ 180 ಅಥವಾ 220. ಕೈನೋವಿಗೂ ಈ ಅಂಕಿಗೂ ಸಂಬಂಧವಿದೆ. 120ರಿಂದಲೇ ಶುರು ಮಾಡಿ ಹಳೆ ವಾರ್ನಿಶ್ ಕೀಳಲು ಹೊರಟವರು ಅರಿವಿಲ್ಲದೆ ಯಂತ್ರವನ್ನು ಒತ್ತತೊಡಗುತ್ತಾರೆ. ಸವೆದ ಕಾಗದವನ್ನೇ ಜಿಪುಣತನದಿಂದ ಮುಂದುವರಿಸುವವರೂ ಅಷ್ಟೇ. ಸ್ಯಾಂಡರನ್ನು ಒತ್ತಲೇಬಾರದು. ಅದರ ಭಾರ, ಮೇಲಿಟ್ಟ ಕೈಯ ಭಾರ, ಅಷ್ಟೇ ಸಾಕು. ಒತ್ತಿದರೆ ದುಂಡು ತಳ ತಿರುಗುವುದನ್ನು ನಿಲ್ಲಿಸಿ ಬರೇ ಅಲುಗುತ್ತದೆ. ಮರದ ಮೇಲೆ ಬೀಳುವ ಸುರುಳಿ ಗೆರೆಗಳು ಪಾಲಿಶ್ ಹಚ್ಚಿದ ಮೇಲೆಯೇ ಕಣ್ಣಿಗೆ ಬೀಳುತ್ತವೆ, ಆಗ ಅತ್ತರೂ ಪ್ರಯೋಜನವಿಲ್ಲ.

ಬಲಕ್ಕಿಂತ ನಯವೇ ಮೇಲಾದ ಈ ಕೆಲಸದಲ್ಲಿ ಚಿಕ್ಕ ಕೈಯವರು ಹಿಂದೆ ಬೀಳಬೇಕಾದ್ದೇ ಇಲ್ಲ. 2005-06ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಚನ್ನಪಟ್ಟಣದ ಗೊಂಬೆಗಳ ಕಸುಬಿನಲ್ಲಿ ಮಹಿಳೆಯರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅಲ್ಲಿ ತಿರುಗುವುದು ಯಂತ್ರಕ್ಕೆ ಸಿಕ್ಕಿಸಿದ ಆಲೆ ಮರದ ತುಂಡು. ಕೈ ಅಲುಗದೆ ಕಾಗದವನ್ನು ಹಗುರವಾಗಿ ತಾಗಿಸುತ್ತದೆ, ಅರಗಿನ ಬಣ್ಣ ಹಿಡಿದ ಮೇಲೆ ಕೇದಗೆ ಗರಿ ಹಿಡಿದು ಹೊಳಪು ತರುತ್ತದೆ. ನಡುಕವನ್ನು ಕೈಗೆ ತಾಗದಂತೆ ದೂರವಿಟ್ಟ ಈ ಕ್ರಮ ನಗರದ ಹವ್ಯಾಸಿಗಳಿಗೂ ಆದೀತು. ಬಳೆ, ಚಮಚ, ಆಟಿಕೆಯಂಥ ಪುಟ್ಟ ಸಾಮಾನು ಮಾಡುವವರು ಕೈಯಲ್ಲಿ ಹಿಡಿಯುವ ಸ್ಯಾಂಡರ್ ಕೊಳ್ಳುವ ಬದಲು ಮೇಜಿಗೆ ಬಿಗಿದು ನಿಲ್ಲಿಸುವ ಸಣ್ಣ ಸ್ಯಾಂಡರ್ ಕೊಂಡು, ಮರವನ್ನೇ ಅದರ ಹತ್ತಿರ ಒಯ್ಯಬಹುದು.

ಮೇಜಿನ ಎತ್ತರ, ಮುಖದ ಮಾಸ್ಕ್

ಕೈ ಚಿಕ್ಕದಿರುವವರ ನಿಲುವೂ ಸಾಮಾನ್ಯವಾಗಿ ಕುಳ್ಳಗೆ. ಅಡುಗೆಮನೆಯ ಕಟ್ಟೆಯ ಮೇಲೆ ಹಲಗೆ ಇಟ್ಟು ಉಜ್ಜಲು ಹೋದರೆ ಮೊಣಕೈ ಮೇಲೇರುತ್ತದೆ, ಮಣಿಕಟ್ಟು ಬಾಗುತ್ತದೆ. ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟು ಎಲ್ಲಿ ಬರುತ್ತದೋ ಮರದ ಮೈ ಅಲ್ಲಿಗೆ ಇರಬೇಕು. ಐದಡಿ ಎತ್ತರದವರಿಗೆ ಎಪ್ಪತ್ತೈದು ಸೆಂಟಿಮೀಟರಿನ ಆಸುಪಾಸು. ನೆಲದ ಮೇಲೆ ಕೂತು ಕೆಲಸ ಮಾಡುವ ನಮ್ಮ ಆಚಾರಿಗಳ ಪದ್ಧತಿ ಮಣಿಕಟ್ಟಿಗೆ ಕೆಟ್ಟದ್ದೇನಲ್ಲ, ಆದರೆ ಧೂಳು ಮೂಗಿಗೆ ತೀರ ಹತ್ತಿರ.

ಆ ಧೂಳಿನ ವಿಚಾರದಲ್ಲಿ ಉದಾಸೀನ ಸಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1995ರಲ್ಲೇ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಬೀಟೆ, ಸಾಗುವಾನಿಗಳ ಧೂಳು ಕೆಲವರ ಚರ್ಮಕ್ಕೂ ಆಗದು. ಎನ್ 95 ಮಾಸ್ಕ್ ಬೇಕೇಬೇಕು. ಚಿಕ್ಕ ಮುಖದವರಿಗೆ ಕಿವಿಗೆ ಸಿಕ್ಕಿಸುವ ಮಾಸ್ಕಿನ ಬದಿಯಲ್ಲಿ ಸಂದು ಉಳಿಯುವುದರಿಂದ, ತಲೆಯ ಹಿಂದಕ್ಕೆ ಎರಡು ಪಟ್ಟಿ ಹಾಯುವಂಥದ್ದನ್ನು ಆರಿಸಬೇಕು. ಧೂಳಿನ ಚೀಲ ಅರ್ಧ ತುಂಬುವ ಮೊದಲೇ ಬರಿದು ಮಾಡಬೇಕು, ಕಾಗದದ ತೂತುಗಳು ತಳದ ತೂತುಗಳಿಗೆ ಸರಿಯಾಗಿ ಕೂರಬೇಕು. ಪಕ್ಕದ ಫ್ಲಾಟಿನವರ ಒಣಗಲು ಹಾಕಿದ ಬಟ್ಟೆಯ ಮೇಲೆ ಧೂಳು ಕೂತರೆ ಸೊಸೈಟಿಯ ಮೀಟಿಂಗಿನಲ್ಲಿ ಉತ್ತರ ಹೇಳಬೇಕಾದೀತು.

ಚಿಕ್ಕ ಕೈ ಎಂದ ಮಾತ್ರಕ್ಕೆ ಮಕ್ಕಳ ಕೈಗೆ ಯಂತ್ರ ಕೊಡುವುದು ಎಂದಲ್ಲ. 2016ರ ತಿದ್ದುಪಡಿಯ ನಂತರ ಕಾನೂನು 14ರೊಳಗಿನವರನ್ನು ಕೆಲಸಕ್ಕಿಡುವುದನ್ನು ನಿಷೇಧಿಸಿದೆ, 18ರೊಳಗಿನವರನ್ನು ಅಪಾಯದ ಕೆಲಸಗಳಿಂದ ದೂರವಿಟ್ಟಿದೆ.

ಸಂಘಗಳು ಏನು ಮಾಡಬಹುದು?

ಯಂತ್ರ ಕೊಳ್ಳುವ ಮೊದಲು ಕೈಯಲ್ಲಿ ಹಿಡಿದು ನೋಡಬೇಕು ಎನ್ನುವುದು ಸರಿ, ಆದರೆ ಹಿಡಿದು ನೋಡಲು ಬಿಡುವವರು ಯಾರು? ನಾಗದೇವಿ ಸ್ಟ್ರೀಟಿನ ಗಿಜಿಗಿಜಿಯಲ್ಲಿ ಒಬ್ಬ ಮಹಿಳೆ ನಾಲ್ಕು ಸ್ಯಾಂಡರ್ ತೆಗೆಸಿ ಓಡಿಸಿ ತೋರಿಸಿ ಎಂದರೆ ‘ಸಬ್ ಯಹೀ ಲೇಕೆ ಜಾತೇ ಹೈಂ’ ಎಂಬ ಉತ್ತರವೇ ಹೆಚ್ಚು. ಆನ್‌ಲೈನಿನಲ್ಲಿ ತರಿಸಿದರೆ ಹಿಡಿದು ನೋಡುವ ಪ್ರಶ್ನೆಯೇ ಇಲ್ಲ. ಇಲ್ಲಿಯೇ ಕನ್ನಡ ಸಂಘಗಳ ಮಹಿಳಾ ವಿಭಾಗಗಳು ಉಪಯೋಗಕ್ಕೆ ಬರಬಲ್ಲವು. ಅಡುಗೆ ಸ್ಪರ್ಧೆ, ರಂಗೋಲಿ ಸ್ಪರ್ಧೆಗಳ ಜತೆಗೆ ವರ್ಷಕ್ಕೊಂದು ಭಾನುವಾರ ಸಭಾಗೃಹದ ಅಂಗಳದಲ್ಲಿ ಸದಸ್ಯರ ಮನೆಗಳಲ್ಲಿರುವ ಯಂತ್ರಗಳನ್ನೇ ತಂದಿಟ್ಟು, ಒಂದು ಹಳೆ ಹಲಗೆಯ ಮೇಲೆ ಎಲ್ಲರೂ ಹಿಡಿದು ನೋಡುವಂತೆ ಮಾಡಿದರೆ ಖರ್ಚು ಚಹಾ-ತಿಂಡಿಯದ್ದು ಮಾತ್ರ. ಮರಗೆಲಸವನ್ನೇ ಕುಲಕಸುಬಾಗಿ ಬೆಳೆಸಿದ ವಿಶ್ವಕರ್ಮ ಸಮಾಜದ ಹಿರಿಯರು ಈ ಮಹಾನಗರದಲ್ಲಿ ಕಡಿಮೆಯೇನಿಲ್ಲ. ಕೀಸುಳಿ ಹಿಡಿದು ಕಲಿತ ಅವರ ಕೈಗಳಿಗೆ ಮರದ ಎಳೆ ಯಾವ ಕಡೆಗಿದೆ ಎಂದು ಸವರಿಯೇ ಗೊತ್ತು. ಅವರಲ್ಲಿ ಒಬ್ಬರನ್ನು ಕರೆದು ಕೂರಿಸಿದರೆ ಪುಸ್ತಿಕೆಯಲ್ಲಿ ಇಲ್ಲದ್ದೂ ಸಿಗುತ್ತದೆ. ವರ್ಷಕ್ಕೆ ಎರಡು ಸಲ ಮಾತ್ರ ಬೇಕಾಗುವ ಯಂತ್ರವನ್ನು ಪ್ರತಿ ಮನೆಯೂ ಕೊಳ್ಳುವ ಬದಲು, ಸಂಘದ ಕಪಾಟಿನಲ್ಲಿ ಒಂದು ಐದಿಂಚಿನದನ್ನೂ ಒಂದು ಡೆಲ್ಟಾವನ್ನೂ ಇಟ್ಟು ರಿಜಿಸ್ಟರಿನಲ್ಲಿ ಸಹಿ ಮಾಡಿಸಿ ಕೊಡಬಹುದು, ವಾಚನಾಲಯದ ಪುಸ್ತಕದಂತೆ.

ಒಬ್ಬರೇ ಕೊಳ್ಳಲು ಹೋಗುವವರು ಮನೆಯಿಂದ ಒಂದಡಿ ಉದ್ದದ ಮರದ ತುಂಡನ್ನು ಚೀಲದಲ್ಲಿ ಒಯ್ಯುವುದು ಒಳ್ಳೆಯದು. ಅಂಗಡಿಯಲ್ಲಿ ಪ್ಲಗ್ ಹಾಕಿಸಿ, ತಮ್ಮದೇ ಮರದ ಮೇಲೆ, ಗಡಿಯಾರ ನೋಡಿ ಎರಡು ನಿಮಿಷ ಓಡಿಸಬೇಕು. ಯಂತ್ರ ಕೆಳಗಿಟ್ಟ ಮೇಲೂ ಬೆರಳುಗಳಲ್ಲಿ ಜುಮುಜುಮು ಉಳಿದರೆ ಬೇರೆಯದನ್ನು ತೆಗೆಸಬೇಕು. ನಾಗದೇವಿಯ ಹೆಚ್ಚಿನ ಅಂಗಡಿಗಳಿಗೆ ಭಾನುವಾರ ರಜೆ. ವಾರದ ದಿನ ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋದರೆ ಗಿರಾಕಿಗಳ ನೂಕುನುಗ್ಗಲು ಶುರುವಾಗುವ ಮೊದಲೇ ಎರಡು ಮೂರು ಮಾದರಿ ಹಿಡಿದು ನೋಡಲು ಸಾಧ್ಯ.